ಬಾಹ್ಯಾಕಾಶ ನಿಲ್ದಾಣ ಹಾಯುವ ವೇಳೆಯನ್ನೂ ಪ್ರಕಟಿಸಿ

ಮಾನ್ಯ ಸಂಪಾದಕರೇ,

ಮೊನ್ನೆ ಸಂಜೆ ಜಿಲ್ಲೆಯ ಆಕಾಶದಲ್ಲಿ ಸದ್ದಿಲ್ಲದೆ ಸಾಗಿದ ಬೆಳಕನ್ನು ‘ನಿಗೂಢ’ ಎಂದು ಬಣ್ಣಿಸಿದ ಸಂದೇಶಗಳು ಮೊಬೈಲ್‌ಗಳಲ್ಲಿ ಹರಿದಾಡಿದವು. ಅದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಅದೇ ಹೊತ್ತಿಗೆ ನಾನು ನಮ್ಮ ಕಾಫಿ ಕಣದಲ್ಲಿ ಎಂಟು ಇಂಚಿನ ದೂರದರ್ಶಕವಿಟ್ಟು ಅದರ ಚಿತ್ರ ತೆಗೆಯುತ್ತಿದ್ದೆ. ತೋಟದ ಉಳಿದೆಡೆಯೆಲ್ಲ ಸಿಲ್ವರ್ ಓಕ್ ಮರಗಳು ಮುಚ್ಚಿರುವುದರಿಂದ ನಮಗೆ ಆಕಾಶವೆಂದರೆ ಕಣವೇ.

ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಗಂಟೆಗೆ 27 ಸಾವಿರ ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಸುತ್ತುವ ಈ ನಿಲ್ದಾಣ ನೆತ್ತಿಯ ಮೇಲೆ ಬಂದಾಗ ಸೆಕೆಂಡಿಗೆ ಎರಡು ಹುಣ್ಣಿಮೆ ಚಂದ್ರರಷ್ಟು ಅಗಲವನ್ನು ದಾಟುತ್ತದೆ. ಹೀಗಾಗಿ ದೂರದರ್ಶಕದ ಕೊಳವೆಯನ್ನು ಕೈಯಿಂದಲೇ ತಳ್ಳುತ್ತ, ಒಂದು ಕಣ್ಣನ್ನು ಗುರಿ ಹಿಡಿಯಲು ಅದರ ಬದಿಯಲ್ಲಿರುವ ಪುಟ್ಟ ಗುರಿದರ್ಶಕಕ್ಕೆ ಹಚ್ಚಿಕೊಂಡು, ಕ್ಯಾಮೆರಾ ಬೆಳಕು ಹಿಡಿಯುವ ಅವಧಿಯನ್ನು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೆ ಹೊಂದಿಸಿ ವಿಡಿಯೊ ಓಡಿಸಬೇಕು. ಅಂದಿನ ವಿಡಿಯೊದ ನಾಲ್ಕು ಸಾವಿರ ಚೌಕಟ್ಟುಗಳಲ್ಲಿ (ಬಿಡಿಚಿತ್ರಗಳಲ್ಲಿ) ನಿಲ್ದಾಣ ಸಿಕ್ಕಿದ್ದು ಅರುವತ್ತರಲ್ಲಿ, ಸ್ಪಷ್ಟವಾಗಿದ್ದದ್ದು ಒಂಬತ್ತರಲ್ಲಿ. 109 ಮೀಟರ್ ಉದ್ದದ ಆ ರಚನೆ ನನ್ನ ಕ್ಯಾಮೆರಾದ ಸಂವೇದಕದ ಮೇಲೆ ರಾಗಿ ಕಾಳಿಗಿಂತ ಚಿಕ್ಕದಾಗಿ ಮೂಡುತ್ತದೆ. ಆದರೂ ಒಂಬತ್ತನ್ನೂ ಒಂದರ ಮೇಲೊಂದು ಕೂಡಿಸಿದಾಗ ಸೌರಫಲಕಗಳು ಎರಡೂ ಬದಿಗೆ ಬೇರೆಬೇರೆಯಾಗಿ ಕಂಡವು. ಅಷ್ಟರಲ್ಲಿ ಕನ್ನಡಿಗೆ ಮಂಜು ಕೂತಿತ್ತು, ಅದು ಇಲ್ಲಿ ತಪ್ಪದ ಕಾಟ.

ನಿಲ್ದಾಣಕ್ಕೆ ಸ್ವಂತ ಬೆಳಕಿಲ್ಲ. ನಮಗೆ ಕತ್ತಲಾದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲಿರುವುದರಿಂದ ಮುಸ್ಸಂಜೆ ಮತ್ತು ನಸುಕಿನಲ್ಲಿ ಮಾತ್ರ ಹೊಳೆಯುತ್ತದೆ, ವಿಮಾನದಂತೆ ಮಿನುಗುವುದಿಲ್ಲ, ಭೂಮಿಯ ನೆರಳು ಹೊಕ್ಕೊಡನೆ ನಡುಬಾನಿನಲ್ಲೇ ಮಾಯವಾಗುತ್ತದೆ. ‘ನಿಗೂಢ’ ಎನ್ನಿಸಿದ್ದು ಬಹುಶಃ ಈ ಮಾಯವಾಗುವಿಕೆಯೇ. 2025ರ ಜೂನ್–ಜುಲೈನಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಅದರೊಳಗಿದ್ದಾಗ ಇಲ್ಲಿ ಮುಂಗಾರು. ನನಗಂತೂ ಒಂದು ಸಂಜೆಯೂ ಆಕಾಶ ತೆರೆಯಲಿಲ್ಲ.

ತಮ್ಮ ಪತ್ರಿಕೆಯಲ್ಲಿ ಸೂರ್ಯೋದಯ, ಸೂರ್ಯಾಸ್ತದ ವೇಳೆ ನಿತ್ಯ ಬರುತ್ತದೆ. ಅದರ ಕೆಳಗೆ, ನಿಲ್ದಾಣ ಕಾಣುವ ದಿನಗಳಲ್ಲಿ ಅದು ಹಾಯುವ ವೇಳೆ, ಮೂಡುವ ದಿಕ್ಕು ಮತ್ತು ಏರುವ ಎತ್ತರವನ್ನು ಒಂದೇ ಸಾಲಿನಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ನಾಸಾ ಈ ಮಾಹಿತಿಯನ್ನು ಮುಂಚಿತವಾಗಿಯೇ ಉಚಿತವಾಗಿ ಒದಗಿಸುತ್ತದೆ. ಬೆಂಗಳೂರಿನಲ್ಲಿ ನಡುನೆತ್ತಿಗೆ ಬರುವುದು ನಮಗೆ ಓರೆಯಾಗಿ ಹಾಯಬಹುದಾದ್ದರಿಂದ, ಕೊಡಗಿನ ಆವೃತ್ತಿಗೆ ಮಡಿಕೇರಿಯ ಲೆಕ್ಕವನ್ನೇ ಹಾಕಿಸಿದರೆ ಉಪಕಾರವಾಗುತ್ತದೆ.

— ಕಾಫಿ ಬೆಳೆಗಾರ, ಸೋಮವಾರಪೇಟೆ ತಾಲ್ಲೂಕು