ಬೀಜ ಉಣ್ಬೇಕಾಗತ್ತೇನೋ ಅಂತ ಬರ್ದಿದ್ದೆಯಲ್ಲ

ಪುಟ್ಟೀ,

ನಿನ್ನ ಕಾಗದ ಓದಿದೆ. "ಈ ಸಲಾನೂ ಮಳೆ ಕೈಕೊಟ್ರೆ ಬಿತ್ತನೆಗೆ ಇಟ್ಟಿರೋದನ್ನೇ ಬೀಸಿ ಉಣ್ಬೇಕು ದೊಡ್ಡಮ್ಮ" ಅಂದಿದೀಯ, ಅದೊಂದು ಸಾಲು ನನ್ನ ಮಲಗೋಕೆ ಬಿಡ್ಲಿಲ್ಲ. ಸಾಲ ಗೀಲದ ವಿಷ್ಯ ಮನೇಲಿ ಎಲ್ರಿಗೂ ಗೊತ್ತಿರೋದೇ, ಬಿಡು.

ಹಸಿದಾಗ ಬೀಜ ಉಂಡ್ರೆ ತಪ್ಪು ಅಂತ ನಾನನ್ನಲ್ಲ, ಮಕ್ಕಳ ಹೊಟ್ಟೆ ಮುಂದೆ ಯಾವ ಮಾತೂ ನಿಲ್ಲಲ್ಲ. ಆದ್ರೆ ಗುಡ್ಡದ ಹೊಲದ ಬೀಜ ಒಂದ್ಸಲ ಹೋದ್ರೆ ದುಡ್ಡು ಕೊಟ್ರೂ ಸಿಗಲ್ಲ ಕಣೆ. ಅಂಗಡೀಲಿ ಮಾರೋದ್ರಲ್ಲಿ ಹೆಚ್ಚಿಂದು ನೀರು-ಗೊಬ್ಬರ ಇರೋ ಬಯಲಿಗೆ ಅಂತ ಮಾಡಿದ್ದು, ತೆಳು ಮಣ್ಣು ತಡ ಮಳೆ ಅದಕ್ಕೆ ಗೊತ್ತಿಲ್ಲ.

ನಮ್ಮಮ್ಮ ಕೊಯ್ಲಿಗೆ ಮುಂಚೆ ನಿಂತ ಪೈರಲ್ಲೇ ತೆನೆ ಗುರುತು ಮಾಡ್ತಿದ್ಳು, ಬೇಗ ಬಲಿಯೋದು ಯಾವ್ದು, ಗಾಳಿಗೆ ಬೀಳದ್ದು ಯಾವ್ದು ಅಂತ. ಹಿಂದೆ ಹಿಂದೆ ಓಡಾಡ್ತಿದ್ದೆ, ಏನು ನೋಡಿ ಆರಿಸ್ತೀಯ ಅಂತ ಒಂದಿನಾನೂ ಕೇಳ್ಲಿಲ್ಲ. ಅವಳು ಹೋದ್ಮೇಲೆ ಎಲ್ರೂ ಮಾರೋ ಬೆಳೆ ಒಂದನ್ನೇ ಹಾಕಿದ್ರು, ನಾವೂ ಹಾಕಿದ್ವಿ, ದುಡ್ಡೂ ಬಂತು, ಸುಳ್ಳು ಯಾಕೆ. ವಿಶ್ವಸಂಸ್ಥೆ 2023ನ್ನ ಕಿರುಧಾನ್ಯ ವರ್ಷ ಅಂತ ಸಾರಿದಾಗ ನಮ್ಮನೇಲಿ ಒಂದ್ಹಿಡಿ ನವಣೆ ಇರ್ಲಿಲ್ಲ.

ಬಿಸಿ ಹೆಚ್ಚಾದ್ರೆ ಬೆಳೆನ ಇನ್ನೂ ಮೇಲಕ್ಕೆ ಒಯ್ಯೋಣ ಅಂತಿದಾರೆ ಅಂದ್ಯಲ್ಲ. 1,000 ಮೀಟರ್ ಹತ್ತಿದ್ರೆ ಸುಮಾರು 6 ಡಿಗ್ರಿ ತಂಪು, ನಿಜ. ಆದ್ರೆ ಗುಡ್ಡಕ್ಕೆ ತುದಿ ಇದೆ, ಮೇಲೆ ಹೋದಷ್ಟೂ ಮಣ್ಣೂ ಕಮ್ಮಿ. ಗಾಳಿ 1 ಡಿಗ್ರಿ ಬಿಸಿಯಾದ್ರೆ 7% ಜಾಸ್ತಿ ತೇವ ಹಿಡಿಯತ್ತಂತೆ, ಅದಕ್ಕೇ ಮಳೆ ತಿಂಗಳುಗಟ್ಲೆ ಕಾಯ್ಸಿ ಆಮೇಲೆ ಒಂದೇ ಸಮ ಸುರ್ದು ಮಣ್ಣು ಕೊಚ್ಕೊಂಡು ಹೋಗೋದು. ಇಳಿಜಾರಿಗೆ ಅಡ್ಡಡ್ಡ ಉಳು, ಬದು ಮೇಲೆ ಹುಲ್ಲು ಬೆಳೆಯಕ್ಕೆ ಬಿಡು. ನಿಂಗೆ ಗೊತ್ತಿರೋದೇ ಹೇಳ್ತಿದೀನೇನೋ.

ಮತ್ತೆ ಅದೇ ಬೀಜದ ಯೋಚ್ನೆ ನಂಗೆ. ಮೊದಲ ಮಳೆಗೆ ಇರೋದೆಲ್ಲಾ ಬಿತ್ಬೇಡ, ಮೊಳಕೆ ಒಣಗಿದ್ರೆ ಇನ್ನೊಂದ್ಸಲ ಬಿತ್ತೋಕೆ ಇರ್ಲಿ. ನವಣೆ ಥರದ್ದು ಎರಡೂವರೆ ಮೂರು ತಿಂಗಳಿಗೇ ಬರತ್ತೆ, ತಡವಾದ್ರೂ ಒಂದು ಕೈ ನೋಡ್ಬಹುದು, ಜೊತೆಗೆ ಸಾಲು ಬಿಟ್ಟು ಸಾಲು ಕಾಳು ಹಾಕು. ಬೀಜ ಚೆನ್ನಾಗಿ ಒಣಗ್ಸು, ತೇವ 1% ಇಳಿದ್ರೆ ಬೀಜದ ಆಯಸ್ಸು ಹೆಚ್ಚುಕಮ್ಮಿ ಎರಡರಷ್ಟಾಗತ್ತೆ ಅಂತಾರೆ.

ಇನ್ನೊಂದು, ನಗ್ಬೇಡ. ಅರ್ಧ ಬೀಜ ಪಕ್ಕದ ಮನೇಲಿಡು, ಅವರದ್ದು ನಿನ್ನ ಹತ್ರ ಇಟ್ಕೊ. ಬೇರೆಯೋರ ಬೀಜ ಅಂದ್ರೆ ಬೀಸಕ್ಕೆ ಕೈ ಬರಲ್ಲ. ಜಗಳ ಆಗ್ಬಹುದು, ದೂರ ಕೂತು ಹೇಳೋದು ಸುಲಭ. ಯಾರ ಜೊತೆ ಹೊಂದತ್ತೋ ನೀನೇ ನೋಡು, ಕಾಗದ ಹಾಕು.

ನಿನ್ನ ದೊಡ್ಡಮ್ಮ