ಕುಕ್ಕರಹಳ್ಳಿ ಕೆರೆ ಹತ್ತಿರ ಸಿಕ್ಕ ಹಿರಿಯರಿಗೆ

ಸರ್, ಭಾನುವಾರ ಸಂಜೆ ಕೆರೆ ಏರಿ ಮೇಲೆ ನೋಟ್‌ಬುಕ್ ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದ ಹುಡುಗಿ ನಾನೇ. ನಿಮ್ಮ ಹೆಸರು ಕೇಳುವುದನ್ನೇ ಮರೆತೆ.

ಎಸೆದ ಚೆಂಡು ಗಾಳಿಯ ತಡೆಯಲ್ಲಿ ಎಷ್ಟು ದೂರ ಹೋಗುತ್ತದೆ ಅನ್ನೋ ಲೆಕ್ಕ ಅದು. ತಡೆ ವೇಗದ ವರ್ಗದಷ್ಟು ಏರುತ್ತದೆ ಅಂತ ಅಡ್ಡ ವೇಗಕ್ಕೊಂದು, ಮೇಲಿನ ವೇಗಕ್ಕೊಂದು ವರ್ಗ ಬರೆದು ಎರಡನ್ನೂ ಬೇರೆ ಬೇರೆ ಬಿಡಿಸುತ್ತಿದ್ದೆ. "ತಡೆ ನೋಡೋದು ಒಟ್ಟು ವೇಗವನ್ನಮ್ಮ. ಎರಡೂ ಸಮೀಕರಣ ಗಂಟು ಹಾಕಿಕೊಂಡಿವೆ" ಎಂದಿರಿ. ಅಷ್ಟೇ ಸಾಕಾಯ್ತು.

ಮನೆಗೆ ಬಂದು ಎರಡನ್ನೂ ಒಟ್ಟಿಗೆ ಹಿಡಿದು, ಪ್ರತಿ 0.01 ಸೆಕೆಂಡಿಗೂ ಚೆಂಡಿನ ವೇಗ, ಜಾಗ ಹೊಸದಾಗಿ ಲೆಕ್ಕ ಹಾಕಿದೆ. ಸೆಕೆಂಡಿಗೆ 30 ಮೀಟರ್ ವೇಗ, 45 ಡಿಗ್ರಿ ಕೋನ. ಗಾಳಿಯ ತಡೆ ಇಲ್ಲದಿದ್ದರೆ ಚೆಂಡು ಸುಮಾರು 92 ಮೀಟರ್ ಹೋಗಬೇಕು. ನನ್ನದು ಎಷ್ಟೋ ಮೊದಲೇ ಬಿತ್ತು, ಅದೂ ಏರಿದ್ದಕ್ಕಿಂತ ಕಡಿದಾಗಿ. ಥೇಟ್ ನೀವು ಕಡಲೆಕಾಯಿ ಪೊಟ್ಟಣದ ಮೇಲೆ ಗೀಚಿದ ಗೆರೆ! ಆ ಕಾಗದ ಇನ್ನೂ ಇಟ್ಟುಕೊಂಡಿದ್ದೇನೆ. ತುಂಬಾ ಥ್ಯಾಂಕ್ಸ್ ಸರ್.