ದಶಮಾಂಶ ಕಣ್ಣಿಗೆ ಕಾಣಲಿ

ಮಾನ್ಯ ಸಂಪಾದಕರೇ,

ಐದನೇ ತರಗತಿಯ ನನ್ನ ಮಗಳು 0.4ಕ್ಕಿಂತ 0.35 ದೊಡ್ಡದು ಎಂದು ಬರೆದಿದ್ದಳು. ನಾಲ್ಕಕ್ಕಿಂತ ಮೂವತ್ತೈದು ಜಾಸ್ತಿ ಅಲ್ವಾ ಅನ್ನುವುದು ಅವಳ ಲೆಕ್ಕ. ತುಂಬಾ ಮಕ್ಕಳು ಎಡವುವುದು ಇಲ್ಲೇ. ಬೈದರೆ ಏನೂ ಪ್ರಯೋಜನವಿಲ್ಲ. ಮೊಬೈಲಿನಲ್ಲಿ ಉಚಿತವಾಗಿ ಸಿಗುವ ಜಿಯೋಜೀಬ್ರಾ ಎಂಬ ಗಣಿತದ ಆ್ಯಪ್ ತೆರೆದು ಸಂಖ್ಯಾರೇಖೆ ತೋರಿಸಿದೆ. ಅವಳು ಬೆರಳಿನಿಂದ ಹಿಗ್ಗಿಸಿದಂತೆಲ್ಲ 0 ಮತ್ತು 1ರ ನಡುವೆ ಸಣ್ಣ ಸಣ್ಣ ಭಾಗಗಳು ತೆರೆದುಕೊಂಡವು. ‘ಓ, 0.4 ಅಂದ್ರೆ 0.40!’ ಎಂದು ಅವಳೇ ಕೂಗಿದಳು.

ಸ್ಮಾರ್ಟ್ ಬೋರ್ಡ್ ಇರುವ ಶಾಲೆಗಳು ಸುಮ್ನೆ ವಿಡಿಯೋ ಹಾಕಿ ಕೂರಿಸುವುದು ಬೇಡ. ಪರದೆಯ ಮೇಲೆ ಮಕ್ಕಳ ಕೈಯೇ ಓಡಾಡಲಿ. ಬೋರ್ಡ್ ಇಲ್ಲದ ಕಡೆ ಶಿಕ್ಷಕರ ಒಂದು ಫೋನನ್ನೇ ಗುಂಪು ಗುಂಪಾಗಿ ಕೊಡಬಹುದು. ಜೊತೆಗೆ ಅಳತೆಪಟ್ಟಿಯೂ ಕೈಯಲ್ಲಿರಲಿ, ಅದರ ಮಿಲಿಮೀಟರ್ ಗೆರೆಗಳೂ ದಶಮಾಂಶವೇ. ಶಿಕ್ಷಣ ಇಲಾಖೆ ಈ ಬಗ್ಗೆ ಶಿಕ್ಷಕರಿಗೆ ತರಬೇತಿ ಕೊಡಬೇಕು.

– ಓರ್ವ ತಾಯಿ, ಧಾರವಾಡ